ಎಲ್ಲೆಕಲ್ಲಿನ ಸಾಕ್ಷಿ

ಹೊಲದ ಬದುವಿನ ಮೂಲೆಯಲ್ಲಿ ಅರ್ಧ ಹೂತುಹೋದ ಒಂದು ಕಲ್ಲು ಇರುತ್ತದೆ. ಮೇಯಲು ಬಂದ ಎಮ್ಮೆ ಅದಕ್ಕೆ ಮೈ ಉಜ್ಜುತ್ತದೆ. ಹುಲ್ಲು ಕೊಯ್ಯುವವರು ಅದರ ಮೇಲೆ ಕುಡುಗೋಲು ಮಸೆಯುತ್ತಾರೆ. ಉಳುವವನು ಮಧ್ಯಾಹ್ನ ಅದರ ಪಕ್ಕದಲ್ಲೇ ಕುಳಿತು ಬುತ್ತಿ ಬಿಚ್ಚುತ್ತಾನೆ. ಅದೇನು ಕಲ್ಲು ಎಂದು ಕೇಳಿದರೆ ‘ಬಾಂದು ಕಲ್ಲು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅಣ್ಣತಮ್ಮಂದಿರಲ್ಲಿ ಪಾಲಿನ ಜಗಳ ಬಂದಾಗ ಮಾತ್ರ ಆ ಕಲ್ಲಿಗೆ ಇದ್ದಕ್ಕಿದ್ದಂತೆ ಬೆಲೆ ಬರುತ್ತದೆ. ಅಳೆಯುವವರು ಬರುತ್ತಾರೆ, ಪಂಚರು ಸೇರುತ್ತಾರೆ, ಕಲ್ಲು ಇದ್ದ ಜಾಗದಲ್ಲೇ ಇದೆಯೇ ಅಥವಾ ರಾತ್ರೋರಾತ್ರಿ ನಡೆದು ಬಂದಿದೆಯೇ ಎಂದು ವಿಚಾರಣೆ ನಡೆಯುತ್ತದೆ.

ಇಂಥ ಕಲ್ಲುಗಳು ಜಗಳಕ್ಕೆ ಮಾತ್ರವಲ್ಲ, ಚರಿತ್ರೆಗೂ ಸಾಕ್ಷಿ. ಊರಿನ ಹಳೆಯ ನಕ್ಷೆಯೊಂದನ್ನು ಕೈಯಲ್ಲಿ ಹಿಡಿದು, ಈ ಕಲ್ಲುಗಳನ್ನು ಹುಡುಕುತ್ತ ಒಂದು ಭಾನುವಾರ ಬೆಳಿಗ್ಗೆ ನಡೆದರೆ ಸಾಕು, ರಾಜರ ವಂಶಾವಳಿಯಲ್ಲಿ ಸಿಗದ ಸಂಗತಿಗಳು ಕಾಲಡಿಯಲ್ಲಿ ಸಿಗುತ್ತವೆ. ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಗಟ್ಟಿ ಚಪ್ಪಲಿ, ಒಂದು ನೀರಿನ ಬಾಟಲಿ, ಊರಿನ ಹಿರಿಯರ ಹತ್ತಿರ ಕುಳಿತು ಮಾತನಾಡುವ ತಾಳ್ಮೆ ಇದ್ದರೆ ಆಯಿತು.

ಎಲ್ಲೆ ಗುರುತಿಸುವುದು ನಮಗೆ ಪರಂಗಿಯವರು ಕಲಿಸಿದ ವಿದ್ಯೆ ಎಂದು ಭಾವಿಸಬೇಕಾಗಿಲ್ಲ. ಕನ್ನಡ ನಾಡಿನ ದಾನಶಾಸನಗಳನ್ನು ನೋಡಿದರೆ ಭೂಮಿ ಕೊಟ್ಟವರ ಹೆಸರಿನ ನಂತರ ಅದರ ನಾಲ್ಕೂ ದಿಕ್ಕಿನ ಎಲ್ಲೆಯ ವಿವರ ಬರುವುದು ಸಾಮಾನ್ಯ. ಮೂಡಲಿಗೆ ಹಳ್ಳ, ತೆಂಕಲಿಗೆ ಹುತ್ತ, ಪಡುವಲಿಗೆ ಆಲದ ಮರ, ಬಡಗಲಿಗೆ ನಟ್ಟ ಕಲ್ಲು ಎಂಬ ಬಗೆಯಲ್ಲಿ ಎಲ್ಲೆ ಸುತ್ತಿ ಬರುತ್ತದೆ. ಶಿವಾಲಯಕ್ಕೆ ಬಿಟ್ಟ ಭೂಮಿಯಾದರೆ ಲಿಂಗಮುದ್ರೆಯ ಕಲ್ಲು, ವೈಷ್ಣವರಿಗೆ ಬಿಟ್ಟದ್ದಾದರೆ ವಾಮನಮುದ್ರೆಯ ಕಲ್ಲು. ಓದು ಬಾರದವನಿಗೂ ಇದು ಯಾರ ಭೂಮಿ ಎಂದು ದೂರದಿಂದಲೇ ತಿಳಿಯಲಿ ಎಂಬ ಏರ್ಪಾಡು ಅದು. ಕೊಡೆ ಹಿಡಿದ ಕುಳ್ಳ ವಾಮನನ ಕಲ್ಲು ಇಂದಿಗೂ ಎಷ್ಟೋ ಊರುಗಳ ಬೇಲಿಯ ಸಾಲಿನಲ್ಲಿ ನಿಂತಿದೆ. ಅದು ದೇವರೆಂದು ಅರಿಸಿನ ಕುಂಕುಮ ಹಚ್ಚುವವರೂ ಉಂಟು. ಹಚ್ಚಲಿ ಬಿಡಿ, ಪೂಜೆಯಿಂದಾಗಿ ಕಲ್ಲು ಉಳಿದರೆ ಚರಿತ್ರೆಗೂ ಲಾಭವೇ.

ಆದರೆ ಹಳೆಯ ಎಲ್ಲೆಗಳಿಗೆ ಒಂದು ಕೊರತೆ ಇತ್ತು. ಹುತ್ತ ಕರಗುತ್ತದೆ, ಆಲದ ಮರ ಉರುಳುತ್ತದೆ, ಹಳ್ಳ ದಿಕ್ಕು ಬದಲಿಸುತ್ತದೆ. ಒಂದು ಗುರುತು ಹೋದರೆ ಅದನ್ನು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಲು ಅಳತೆಯ ಆಧಾರ ಇರಲಿಲ್ಲ. ಆ ಆಧಾರ ಬಂದದ್ದು ಲೆಕ್ಕದಿಂದ, ಅಂದರೆ ತ್ರಿಕೋನಮಿತಿಯಿಂದ. ಅದರ ಒಂದು ಮುಖ್ಯ ಅಧ್ಯಾಯ ಶುರುವಾದದ್ದು ನಮ್ಮ ಬೆಂಗಳೂರಿನ ಬಯಲಿನಲ್ಲಿ.

ಬಾಣಸವಾಡಿಯಿಂದ ಅಗರದವರೆಗೆ

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಗೆದ್ದವರಿಗೆ ಗೆದ್ದ ನಾಡು ಎಷ್ಟು ದೊಡ್ಡದು, ಎಲ್ಲಿ ಏನಿದೆ ಎಂಬುದೇ ಸರಿಯಾಗಿ ತಿಳಿದಿರಲಿಲ್ಲ. ಹಾಗಾಗಿ ಇಬ್ಬರು ಅಧಿಕಾರಿಗಳು ಎರಡು ಬಗೆಯಲ್ಲಿ ಕೆಲಸಕ್ಕೆ ಇಳಿದರು. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಊರು, ಕೆರೆ, ಕೋಟೆ, ದಾರಿಗಳನ್ನೆಲ್ಲ ನಕ್ಷೆಗೆ ತಂದರು. ಜೊತೆಗೆ ಕಾವಲಿ ವೆಂಕಟ ಬೊರಯ್ಯ ಮೊದಲಾದ ನಮ್ಮವರ ನೆರವಿನಿಂದ ಶಾಸನ, ಕೈಫಿಯತ್ತು, ಓಲೆಗರಿಗಳನ್ನು ಸಂಗ್ರಹಿಸಿದರು. ಮುಂದೆ 1815ರಲ್ಲಿ ಮೆಕೆಂಜಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದರು.

ಇನ್ನೊಬ್ಬರು ವಿಲಿಯಂ ಲ್ಯಾಂಬ್ಟನ್. ಊರುಕೇರಿಗಳನ್ನು ಬರೆದುಕೊಳ್ಳುವುದಕ್ಕೆ ಮೊದಲು ಅವನ್ನು ಕೂರಿಸಲು ಒಂದು ನಿಖರವಾದ ಚೌಕಟ್ಟು ಬೇಕು ಎಂಬುದು ಅವರ ವಾದ. ಶಾಲೆಯಲ್ಲಿ ಕಲಿತ ರೇಖಾಗಣಿತವೇ ಇದಕ್ಕೆ ಆಧಾರ. ಒಂದು ತ್ರಿಕೋನದ ಒಂದು ಬಾಹು ಮತ್ತು ಅದರ ಎರಡು ತುದಿಗಳ ಕೋನಗಳು ಗೊತ್ತಾದರೆ ಉಳಿದೆರಡು ಬಾಹುಗಳನ್ನು ಅಳೆಯದೆಯೇ ಲೆಕ್ಕದಿಂದ ತಿಳಿಯಬಹುದು. ಹಾಗೆ ತಿಳಿದ ಬಾಹುವಿನ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ನೆಲದ ಮೇಲೆ ಸರಪಳಿ ಎಳೆಯಬೇಕಾದದ್ದು ಮೊದಲ ಬಾಹುವಿಗೆ ಮಾತ್ರ. ಅದಕ್ಕೆ ಆಧಾರರೇಖೆ ಎಂದು ಹೆಸರು. ನಡುನಡುವೆ ಮತ್ತೊಂದು ರೇಖೆ ಅಳೆದು ಲೆಕ್ಕ ತಾಳೆ ನೋಡಿಕೊಂಡರೆ ಸಾಕು.

1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಲ್ಯಾಂಬ್ಟನ್ ಬೆಂಗಳೂರಿನ ಪೂರ್ವದ ಬಯಲಿನಲ್ಲಿ, ಬಾಣಸವಾಡಿ ಮತ್ತು ಅಗರಗಳ ನಡುವೆ ಇಂಥ ಒಂದು ರೇಖೆಯನ್ನು ಅಳೆದರು. ಉದ್ದ ಏಳು ಮೈಲಿಗೂ ಹೆಚ್ಚು. ಅಳೆಯಲು ಬಳಸಿದ್ದು ಲಂಡನ್ನಿನ ರಾಮ್ಸ್ಡನ್ ತಯಾರಿಸಿದ ನೂರು ಅಡಿಯ ಉಕ್ಕಿನ ಸರಪಳಿ. ಎರಡೂವರೆ ಅಡಿಯ ನಲವತ್ತು ಕೊಂಡಿಗಳು. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿದ್ದ ಆ ಸರಪಳಿ ಅಲ್ಲಿ ಬೇಡವಾಗಿ, ಕೈಯಿಂದ ಕೈಗೆ ದಾಟಿ ಬೆಂಗಳೂರಿನ ಬಯಲಿಗೆ ಬಂತು!

ಏಳು ಮೈಲಿ ಅಳೆಯಲು ಸುಮಾರು ಎರಡು ತಿಂಗಳೇ ಎಂಬ ಪ್ರಶ್ನೆ ಏಳುವುದು ಸಹಜ. ಕಷ್ಟ ಇರುವುದು ಉಕ್ಕಿನ ಸ್ವಭಾವದಲ್ಲಿ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್‌ಗೆ ನೂರು ಅಡಿಯ ಸರಪಳಿ ಹಿಗ್ಗುವುದು ಒಂದು ಅಂಗುಲದ ಎಪ್ಪತ್ತನೇ ಒಂದು ಪಾಲಿನಷ್ಟು, ಕಣ್ಣಿಗೂ ಕಾಣದು. ಆದರೆ ಅದೇ ಸರಪಳಿಯನ್ನು ಏಳು ಮೈಲಿಯುದ್ದಕ್ಕೂ ಮುನ್ನೂರ ಎಪ್ಪತ್ತು ಸಲ ಹಾಸಿದರೆ ಆ ಚೂರುಗಳೆಲ್ಲ ಸೇರಿ ಐದು ಅಂಗುಲ ದಾಟುತ್ತದೆ. ಬೆಂಗಳೂರಿನಲ್ಲಿ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಹತ್ತು ಡಿಗ್ರಿಯ ಅಂತರ ಸುಲಭವಾಗಿ ಬರುತ್ತದೆ. ಆದ್ದರಿಂದ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಜೊತೆಗೆ ಉಷ್ಣಮಾಪಕಗಳನ್ನಿಟ್ಟು, ಪ್ರತಿ ಹಾಸಿಗೂ ತಾಪ ಬರೆದುಕೊಂಡು ಮುಂದುವರಿಯಬೇಕಾಗಿತ್ತು.

ಅನಂತರ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮತ್ತೊಂದು ಆಧಾರರೇಖೆ ಅಳೆಯಲಾಯಿತು. ಅಲ್ಲಿಂದ ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಬೆಂಗಳೂರಿಗೆ ಬಂದು, 1804ರಲ್ಲಿ ಇಲ್ಲಿ ಮತ್ತೆ ಸರಪಳಿ ಹಾಸಿ ತಾಳೆ ನೋಡಿದರು. ಲೆಕ್ಕದಿಂದ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಅಂದರೆ ಸರಪಳಿಯ ತಾಪದಲ್ಲಿ ಒಂದು ಡಿಗ್ರಿ ತಪ್ಪಿದ್ದರೆ ಆಗಬಹುದಾಗಿದ್ದಷ್ಟೂ ಇಲ್ಲ! ತ್ರಿಕೋನಗಳ ಸಾಲು ಮುಂದೆ ಮಂಗಳೂರಿನ ಕಡಲ ತೀರ ಮುಟ್ಟಿದಾಗ ಇನ್ನೊಂದು ಸತ್ಯ ಹೊರಬಿತ್ತು. ಮದರಾಸಿಗೂ ಮಂಗಳೂರಿಗೂ 400 ಮೈಲಿ ಎಂದು ಹಳೆಯ ನಕ್ಷೆಗಳು ಹೇಳುತ್ತಿದ್ದವು. ನಿಜವಾಗಿ ಇದ್ದದ್ದು 360 ಮೈಲಿ. ನಲವತ್ತು ಮೈಲಿ ಅಗಲದ ನೆಲ ಕಾಗದದ ಮೇಲೆ ಮಾತ್ರ ಇತ್ತು.

ಈ ತ್ರಿಕೋನಗಳ ಸರಣಿಯೇ ಮುಂದೆ ಹಿಮಾಲಯದವರೆಗೆ ಬೆಳೆದು, ಜಗತ್ತಿನ ಅತಿ ಎತ್ತರದ ಶಿಖರದ ಎತ್ತರವನ್ನು ಲೆಕ್ಕಹಾಕಲು ನೆರವಾಯಿತು. 1865ರಲ್ಲಿ ಆ ಶಿಖರಕ್ಕೆ ಲ್ಯಾಂಬ್ಟನ್ನರ ಉತ್ತರಾಧಿಕಾರಿ ಎವರೆಸ್ಟ್ ಅವರ ಹೆಸರು ಇಡಲಾಯಿತು. ಲ್ಯಾಂಬ್ಟನ್ ಮಾತ್ರ 1823ರಲ್ಲಿ, ಕೆಲಸದ ನಡುವೆಯೇ, ಈಗಿನ ಮಹಾರಾಷ್ಟ್ರದ ಹಿಂಗಣಘಾಟದಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನ ಬೆಟ್ಟ ಯಾವ ಮಗ್ಗಿಯಲ್ಲೂ ಇಲ್ಲ, ಯಾವ ರಸಪ್ರಶ್ನೆಯಲ್ಲೂ ಬಾರದು.

ಇಂದು ಬಾಣಸವಾಡಿಯಿಂದ ಅಗರಕ್ಕೆ ಹೊರಟವನಿಗೆ ಬಯಲು ಸಿಗುವುದಿಲ್ಲ. ಇಂದಿರಾನಗರ, ದೊಮ್ಮಲೂರುಗಳ ಆಸುಪಾಸಿನ ಬೀದಿಗಳು, ಮೇಲುಸೇತುವೆಗಳು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೆಂಪಾಗುವ ಸಿಗ್ನಲ್ ದೀಪಗಳು. ಒಂದು ತುದಿಯಿಂದ ಇನ್ನೊಂದು ತುದಿ ಕಾಣುತ್ತಿದ್ದ ಕಾರಣಕ್ಕೇ ಆ ಜಾಗ ಆಯ್ಕೆಯಾಗಿತ್ತು ಎಂದರೆ ನಂಬುವುದು ಕಷ್ಟ. ಆದರೂ ಅಗರದ ಕೆರೆ ಉಳಿದಿದೆ. ಒಂಬತ್ತನೆಯ ಶತಮಾನದ ಅಗರದ ಶಾಸನವೊಂದು ಅಲ್ಲಿನ ಕೆರೆಗಳಿಗೆ ತೂಬು ಇಡಿಸಿದ ಸಂಗತಿ ಹೇಳುತ್ತದೆ. ಅಲ್ಲಿಂದ ದೂರವೇನೂ ಇಲ್ಲದ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರೇ ಇದೆ. ನಡೆಯುವವನ ಒಂದು ದಿನದ ದಾರಿಯಲ್ಲಿ ಗಂಗರ ಕಾಲದ ಕಲ್ಲೂ ಸರಪಳಿಯ ಕಾಲದ ನೆನಪೂ ಒಟ್ಟಿಗೆ ಸಿಗುತ್ತವೆ.

ಬೆಟ್ಟದ ಚುಕ್ಕಿ, ಮೆಟ್ಟಿಲ ಗೆರೆ

ದೂರದೂರಕ್ಕೆ ಕಣ್ಣು ಹಾಯಬೇಕಾದ್ದರಿಂದ ತ್ರಿಕೋನಗಳ ಮೂಲೆಗಳು ಬೆಟ್ಟಗಳ ನೆತ್ತಿಯ ಮೇಲೆ ಬಂದವು. ಮಾಗಡಿ ಬಳಿಯ ಸಾವನದುರ್ಗ ಲ್ಯಾಂಬ್ಟನ್ ಬಳಸಿದ ಅಂಥ ನೆತ್ತಿಗಳಲ್ಲಿ ಒಂದು. ಅರ್ಧ ಟನ್ ತೂಕದ ಕೋನಮಾಪಕ ಯಂತ್ರವನ್ನು ಕೂಲಿಯಾಳುಗಳು ಇಂಥ ಬೆಟ್ಟಗಳಿಗೆ ಹೊತ್ತು ಏರಿಸಿದರು. ಕೋನ ಓದಿದವರ ಹೆಸರು ಪುಸ್ತಕಗಳಲ್ಲಿ ಉಳಿಯಿತು, ಹೆಗಲು ಕೊಟ್ಟವರ ಹೆಸರು ಉಳಿಯಲಿಲ್ಲ.

ಇಂಥ ಬೆಟ್ಟ ಹತ್ತಿದವರು ಬರಿಯ ನೋಟ ನೋಡಿ ಇಳಿಯುವುದುಂಟು. ಇನ್ನು ಮುಂದೆ ಕಾಲಡಿಯನ್ನೂ ನೋಡಬೇಕು. ಅತಿ ಎತ್ತರದ ಬಂಡೆಯ ಮೇಲೆ ಉಳಿಯಿಂದ ಕೊರೆದ ಒಂದು ವೃತ್ತ, ಅದರ ನಡುವೆ ಒಂದು ಚುಕ್ಕಿ ಇದ್ದರೆ ಅದು ಸರ್ವೆಯ ಗುರುತು. ಕೆಲವೆಡೆ ಅದರ ಮೇಲೆ ಕಲ್ಲಿನ ಕಟ್ಟೆ ಅಥವಾ ಕಂಬ ಕಟ್ಟಿರುತ್ತಾರೆ. ಭಾರತ ಸರ್ವೇಕ್ಷಣಾಲಯದ ನಕ್ಷೆಯಲ್ಲಿ ಅದೇ ಜಾಗದಲ್ಲಿ ಒಂದು ಪುಟ್ಟ ತ್ರಿಕೋನ, ಪಕ್ಕದಲ್ಲಿ ಬೆಟ್ಟದ ಎತ್ತರ ಅಚ್ಚಾಗಿರುತ್ತದೆ. ಬಂಡೆಯ ಮೇಲಿನ ಚುಕ್ಕಿಯೂ ಕಾಗದದ ಮೇಲಿನ ತ್ರಿಕೋನವೂ ಒಂದೇ ಎಂದು ಮೊದಲ ಸಲ ಹೊಳೆದಾಗ ಆಗುವ ಸಂತೋಷವನ್ನು ಹೇಳಿ ತಿಳಿಸಲಾಗದು. ಆದರೆ ಆ ಗುರುತುಗಳ ಕೆಳಗೆ ನಿಧಿ ಇದೆಯೆಂದು ಅಗೆದು ಕೆಡವಿದ ಪುಣ್ಯಾತ್ಮರು ಹಿಂದಿನಿಂದಲೂ ಇದ್ದಾರೆ. ಅವರಿಗೆ ಸಿಕ್ಕಿದ್ದು ಮತ್ತೊಂದು ಕಲ್ಲು, ಅದರ ಮೇಲೆ ಮತ್ತೊಂದು ಚುಕ್ಕಿ. ಮೇಲಿನ ಗುರುತು ಹಾಳಾದರೆ ಇರಲಿ ಎಂದು ಸರ್ವೆಯವರು ಕೆಳಗೂ ಒಂದನ್ನು ಹೂತಿಡುವ ಪದ್ಧತಿ ಇತ್ತು.

ಇನ್ನೊಂದು ಬಗೆಯ ಗುರುತು ಬೆಟ್ಟ ಹತ್ತದವರಿಗೂ ಸಿಗುತ್ತದೆ. ಹಳೆಯ ಸೇತುವೆಯ ಕಟ್ಟೆ, ದೇವಸ್ಥಾನದ ಮೆಟ್ಟಿಲು, ನೆಲಕ್ಕಂಟಿದ ಬಂಡೆ, ಇಂಥ ಕಡೆಗಳಲ್ಲಿ ಒಂದು ಚಿಕ್ಕ ಚೌಕ, ಅದರ ಆಚೀಚೆ ‘ಜಿ.ಟಿ.ಎಸ್.’ ಮತ್ತು ‘ಬಿ.ಎಂ.’ ಎಂಬ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಎತ್ತರದ ಗುರುತು. ಆ ಚೌಕ ಸಮುದ್ರಮಟ್ಟದಿಂದ ಇಷ್ಟು ಎತ್ತರದಲ್ಲಿದೆ ಎಂದು ಅಳೆದು ದಾಖಲಿಸಿದ್ದಾರೆ ಎಂದರ್ಥ. ಸಮುದ್ರವಾದರೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆಯೇ? ಉಬ್ಬರ ಇಳಿತ ಇದ್ದೇ ಇದೆ. ಆದ್ದರಿಂದ ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ನೀರಿನ ಏರಿಳಿತ ಅಳೆದು, ಅದರ ಸರಾಸರಿ ಹಿಡಿದು, ಆ ಮಟ್ಟವನ್ನು ಒಳನಾಡಿಗೆ ತಂದರು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. 1858ರಿಂದ 1909ರವರೆಗೆ ಈ ಮೊದಲ ಮಟ್ಟದ ಜಾಲದ ಕೆಲಸ ನಡೆಯಿತು. ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಊರಿನ ಹೆಸರಿನ ಕೆಳಗೆ ಕಾಣುವ ಸಮುದ್ರಮಟ್ಟದ ಅಂಕಿ ಇಂಥ ಅಳತೆಯ ಫಲ. ದಿನವೂ ರೈಲು ಹತ್ತುವವರಲ್ಲಿ ಅದನ್ನು ಓದಿದವರು ಎಷ್ಟು ಜನ?

ಮೂವತ್ತಮೂರು ಅಡಿಯ ಗುಟ್ಟು

ಬೆಟ್ಟದ ನೆತ್ತಿಯಿಂದ ಈಗ ಹೊಲದ ಬದುವಿಗೆ ಇಳಿಯೋಣ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ, ಮುಂಬಯಿ ಪ್ರಾಂತ್ಯದ ಪದ್ಧತಿಯಂತೆ. ಇದರ ಉದ್ದೇಶ ಭೂಮಿಯ ಆಕಾರ ತಿಳಿಯುವುದಲ್ಲ, ಕಂದಾಯ ಕಟ್ಟುವುದು. ಆದರೂ ಇದರಿಂದ ಊರೂರಿಗೂ ನಕ್ಷೆ ಬಂತು, ಹೊಲಹೊಲಕ್ಕೂ ನಂಬರು ಬಂತು, ಮೂಲೆ ಮೂಲೆಗೂ ಬಾಂದು ಕಲ್ಲು ಬಂತು.

ಆ ಕಾಲದ ಸರಪಳಿಯ ಉದ್ದ 33 ಅಡಿ. ಇದೇನು ವಿಚಿತ್ರ ಸಂಖ್ಯೆ ಎನ್ನಿಸಬಹುದು. 33 ಅಡಿ ಉದ್ದ 33 ಅಡಿ ಅಗಲದ ಚೌಕವನ್ನು ಲೆಕ್ಕ ಮಾಡಿದರೆ 1,089 ಚದರ ಅಡಿ ಬರುತ್ತದೆ. ಅದೇ ಒಂದು ಗುಂಟೆ! ಅಂಥ ನಲವತ್ತು ಸೇರಿದರೆ 43,560 ಚದರ ಅಡಿ, ಅಂದರೆ ಒಂದು ಎಕರೆ. ಒಂದು ಸರಪಳಿಗೆ ಹದಿನಾರು ಆಣೆ. ರೂಪಾಯಿಗೆ ಹದಿನಾರು ಆಣೆ ಎಂಬ ಲೆಕ್ಕ ಬಲ್ಲ ರೈತನಿಗೆ ಸರಪಳಿಯ ಲೆಕ್ಕವೂ ತಲೆಗೆ ಹತ್ತುತ್ತಿತ್ತು. ಒಂದು ಆಣೆ ಎಂದರೆ ಎರಡು ಅಡಿ ಮುಕ್ಕಾಲು ಅಂಗುಲ. ಹಳೆಯ ಟಿಪ್ಪಣಿ ಪುಸ್ತಕಗಳಲ್ಲಿ ಹೊಲದ ಅಳತೆ ಸರಪಳಿ ಆಣೆಗಳಲ್ಲೇ ಇರುತ್ತದೆ. ರೂಪಾಯಿಯ ಆಣೆ 1957ರಲ್ಲಿ ದಶಮಾನ ನಾಣ್ಯ ಬಂದಾಗ ಹಿಂದೆ ಸರಿಯಿತು. ಭೂದಾಖಲೆಯ ಆಣೆ ಹಳೆಯ ಕಾಗದಗಳಲ್ಲಿ ಇನ್ನೂ ಕುಳಿತಿದೆ.

ಗ್ರಾಮನಕ್ಷೆಗಳನ್ನು ಸಾಮಾನ್ಯವಾಗಿ ಮೈಲಿಗೆ ಎಂಟು ಅಂಗುಲದ ಪ್ರಮಾಣದಲ್ಲಿ ಬರೆದರು. ಅಂದರೆ ನಕ್ಷೆಯ ಒಂದು ಅಂಗುಲಕ್ಕೆ ನೆಲದ ಮೇಲೆ 660 ಅಡಿ, ಸರಿಯಾಗಿ ಇಪ್ಪತ್ತು ಸರಪಳಿ. ನಡೆಯಲು ಹೊರಟವರು ಮೊದಲು ಮನೆಯ ಮುಂದೆ 33 ಅಡಿ ಹಗ್ಗ ಹಾಸಿ, ತಮ್ಮ ಹೆಜ್ಜೆ ಎಷ್ಟು ಬೀಳುತ್ತದೆ ಎಂದು ಎಣಿಸಿಕೊಳ್ಳಬೇಕು. ಎರಡೂವರೆ ಅಡಿಯ ಹೆಜ್ಜೆಯವರಿಗೆ ಹದಿಮೂರು ಹೆಜ್ಜೆ ಹಾಕಿದರೆ ಸರಪಳಿ ಮುಟ್ಟುತ್ತದೆ. ಮುಂದೆ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು, ನೆಲದ ಮೇಲೆ ಹೆಜ್ಜೆ ಎಣಿಸಿದರೆ ಗಿಡಗಂಟಿಯೊಳಗೆ ಮುಚ್ಚಿಹೋದ ಕಲ್ಲನ್ನೂ ಹುಡುಕಿ ತೆಗೆಯಬಹುದು.

ನಕ್ಷೆ ಸಿಗುವುದೆಲ್ಲಿ? ಹಿಂದೆ ಇದಕ್ಕಾಗಿ ಕಚೇರಿಯ ಬಾಗಿಲು ಕಾಯಬೇಕಾಗಿತ್ತು. ಈಗ ರಾಜ್ಯದ ಭೂಮಾಪನ ಇಲಾಖೆಯ ಜಾಲತಾಣದಿಂದ ಗ್ರಾಮನಕ್ಷೆಗಳನ್ನು ಇಳಿಸಿಕೊಳ್ಳಬಹುದು. ‘ದಿಶಾಂಕ್’ ಎಂಬ ಆ್ಯಪ್ ಮೊಬೈಲು ಹಿಡಿದು ನಿಂತ ಜಾಗದ ಸರ್ವೆ ನಂಬರನ್ನೇ ತೋರಿಸುತ್ತದೆ. ಭಾರತ ಸರ್ವೇಕ್ಷಣಾಲಯವೂ ತನ್ನ ಭೂಪಟಗಳನ್ನು 2017ರಿಂದ ಜಾಲತಾಣದಲ್ಲಿ ಉಚಿತವಾಗಿ ಒದಗಿಸತೊಡಗಿತು. ನಕ್ಷೆ ಬಂತು, ನೋಡುವ ಕಣ್ಣು ಬರಬೇಕಷ್ಟೆ.

ನಕ್ಷೆ ಓದುವ ಬಗೆ

ನಕ್ಷೆ ಕೈಗೆ ಬಂದ ಮೇಲೆ ಮೊದಲು ನೋಡಬೇಕಾದದ್ದು ಊರಿನ ಎಲ್ಲೆಯ ಗೆರೆ. ಅದು ನೇರವಾಗಿರುವುದು ಅಪರೂಪ. ಒಂದೆಡೆ ಹಳ್ಳದ ಜೊತೆ ಬಳುಕುತ್ತದೆ, ಇನ್ನೊಂದೆಡೆ ಯಾವುದೋ ಕೆರೆಯನ್ನು ಬಳಸಿ ಸುತ್ತುತ್ತದೆ. ಇದ್ದಕ್ಕಿದ್ದಂತೆ ಮೂಗು ಚಾಚಿದ ಹಾಗೆ ಎಲ್ಲೆ ಪಕ್ಕದ ಊರಿನೊಳಕ್ಕೆ ನುಗ್ಗಿದ್ದರೆ ಅಲ್ಲಿ ಏನೋ ಕಾರಣವಿದೆ ಎಂದು ತಿಳಿಯಬೇಕು. ಹೋಗಿ ನೋಡಿದರೆ ಬಾವಿಯೋ ಗುಡಿಯೋ ಹಳೆಯ ದತ್ತಿಯ ತೋಟವೋ ಇರಬಹುದು. ಮೂರು ಊರುಗಳ ಎಲ್ಲೆ ಕೂಡುವ ಜಾಗದಲ್ಲಿ ದೊಡ್ಡ ಕಲ್ಲು ನೆಟ್ಟಿರುತ್ತಾರೆ. ಹಲವು ಊರುಗಳ ಅಳತೆಗೆ ಅದೇ ಆಧಾರವಾದ್ದರಿಂದ ಸರ್ವೆಯವರು ಇಂದಿಗೂ ಮೊದಲು ಹುಡುಕುವುದು ಅದನ್ನೇ.

ಎರಡನೆಯದು ನೀರು. ಗ್ರಾಮನಕ್ಷೆಯಲ್ಲಿ ಕೆರೆಯ ಅಂಗಳ, ಏರಿ, ಕೋಡಿ, ಕಾಲುವೆ ಎಲ್ಲವೂ ಕಾಣುತ್ತವೆ. ಸರ್ವೇಕ್ಷಣಾಲಯದ ಭೂಪಟದಲ್ಲಿ ಏರಿಯ ಪಕ್ಕ ಒಂದು ಅಂಕಿ, ಅದರ ಜೊತೆ ‘ಆರ್’ ಎಂಬ ಇಂಗ್ಲಿಷ್ ಅಕ್ಷರ ಇದ್ದರೆ ಸುತ್ತಲಿನ ನೆಲಕ್ಕಿಂತ ಏರಿ ಎಷ್ಟು ಎತ್ತರ ಎಂದು ತಿಳಿಯಬೇಕು. ನಕ್ಷೆಯಲ್ಲಿ ಮೇಲಿನ ಕೆರೆಯ ಕೋಡಿಯಿಂದ ಹೊರಟ ಗೆರೆ ಕೆಳಗಿನ ಕೆರೆಗೆ ಬಂದು ಸೇರುತ್ತದೆ. ಕೆರೆಗಳು ಒಂದೊಂದಾಗಿ ಇದ್ದವಲ್ಲ, ಸರಮಾಲೆಯಂತೆ ಇದ್ದವು. ಆ ಗೆರೆಯ ಮೇಲೇ ನಡೆದು ನೋಡಿದರೆ ಎಲ್ಲಿ ಕಾಲುವೆ ಇದೆ, ಎಲ್ಲಿ ಮುಚ್ಚಿದೆ, ಎಲ್ಲಿ ಗೋಡೆ ಎದ್ದಿದೆ ಎಂಬುದು ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ. ಕೆರೆಗೆ ನೀರು ಏಕೆ ಬರುತ್ತಿಲ್ಲ, ಮಳೆ ಬಂದಾಗ ಮನೆಯೊಳಗೆ ಏಕೆ ಬರುತ್ತದೆ ಎಂಬ ಎರಡು ಪ್ರಶ್ನೆಗಳಿಗೂ ಎಷ್ಟೋ ಕಡೆ ಉತ್ತರ ಅದೊಂದೇ ಗೆರೆ.

ಮೂರನೆಯದು ದಾರಿ. ಚುಕ್ಕಿ ಗೆರೆಯ ಬಂಡಿಜಾಡು ಈಗಿನ ಡಾಂಬರು ರಸ್ತೆಗೆ ಸಂಬಂಧವೇ ಇಲ್ಲದೆ ಇನ್ನೆಲ್ಲೋ ಹೋಗುತ್ತದೆ. ಬೆನ್ನು ಹತ್ತಿ ಹೋದರೆ ಸಂತೆ ನಡೆಯುತ್ತಿದ್ದ ಊರು, ತಲೆಹೊರೆ ಇಳಿಸಲು ನೆಟ್ಟ ಹೊರೆಗಲ್ಲು, ದಾರಿಹೋಕರಿಗೆ ಕಟ್ಟಿಸಿದ ಅರವಟಿಗೆ, ಗುಂಡುತೋಪು ಎದುರಾಗುತ್ತವೆ. ಹೊರೆಗಲ್ಲು ನಿಂತ ಕಡೆಯೆಲ್ಲ ಜನ ನಡೆದಿದ್ದರು ಎಂದು ಕಣ್ಣು ಮುಚ್ಚಿ ಹೇಳಬಹುದು.

ನಾಲ್ಕನೆಯದು ಮನ ಕಲಕುವಂಥದು. ಭೂದಾಖಲೆಗಳಲ್ಲಿ ಕೆಲವು ಊರುಗಳ ಹೆಸರಿನ ಮುಂದೆ ‘ಬೇಚರಾಕ್’ ಎಂದಿರುತ್ತದೆ. ಹೊಲಕ್ಕೆ ನಂಬರು ಉಂಟು, ಊರಿಗೆ ಹೆಸರು ಉಂಟು, ವಾಸಕ್ಕೆ ಒಂದು ಮನೆಯೂ ಇಲ್ಲ. ಅಲ್ಲಿಗೆ ಹೋದವರಿಗೆ ಸಿಗುವುದು ಬಾಗಿಲಿಲ್ಲದ ಆಂಜನೇಯನ ಗುಡಿ, ಹೂಳು ತುಂಬಿದ ಬಾವಿ, ಹುಣಿಸೆಮರ, ಮಳೆ ಬಂದಾಗ ಮಣ್ಣಿನಿಂದ ಮೇಲೇಳುವ ಮಡಕೆ ಚೂರು. ಒಂದೊಂದು ಹಾಳೂರಿಗೂ ಒಂದೊಂದು ಕಥೆ. ಕೆಲವು ನೀರಿಲ್ಲದೆ ಹೋದವು, ಕೆಲವು ರೋಗಕ್ಕೆ, ಕೆಲವು ದಂಡಿನ ಭಯಕ್ಕೆ. 1876-78ರ ಬರದ ಹೊಡೆತವನ್ನು ಜನಗಣತಿಯ ಅಂಕಿಗಳೇ ಹೇಳುತ್ತವೆ. 1871ರಲ್ಲಿ ಮೈಸೂರು ಸಂಸ್ಥಾನದಲ್ಲಿದ್ದ ಜನ ಸುಮಾರು 50 ಲಕ್ಷ. ಹತ್ತು ವರ್ಷದ ನಂತರ ಅದು ಏರಬೇಕಾಗಿತ್ತು. ಇಳಿದು ಸುಮಾರು 42 ಲಕ್ಷಕ್ಕೆ ಬಂತು. ಪುಸ್ತಕದಲ್ಲಿ ಓದಿದಾಗ ಅದು ಅಂಕಿ. ಹಾಳೂರಿನ ಬೀದಿಯಲ್ಲಿ ನಿಂತು ನೆನೆದಾಗ ಅದು ಬೇರೆಯೇ.

ಇಂಥ ನಡಿಗೆಗೆ ಕೆಲವು ನಡವಳಿಕೆಗಳೂ ಬೇಕು. ಬೆಳೆ ನಿಂತ ಹೊಲವನ್ನು ತುಳಿಯಬಾರದು. ಹೊಲದವರನ್ನು ಕೇಳದೆ ಬದು ಹತ್ತಬಾರದು. ನಕ್ಷೆ ಹಿಡಿದ ಅಪರಿಚಿತನನ್ನು ಕಂಡರೆ ಭೂಮಿ ಹೋಗುವ ಭಯ ಹಳ್ಳಿಯವರಿಗೆ ಸಹಜ, ಆದ್ದರಿಂದ ಬಂದ ಕಾರಣವನ್ನು ಮೊದಲೇ ಹೇಳಬೇಕು. ‘ತಾತ, ಈ ಜಾಗಕ್ಕೆ ಏನಂತಾರೆ?’ ಎಂದು ಕೇಳಿದರೆ ಸಾಕು, ಸರ್ವೆ ನಂಬರಿಗೆ ಇಲ್ಲದ ಹೆಸರು ಹೊರಬರುತ್ತದೆ. ದಂಡಿನ ದಿಣ್ಣೆ, ಉಪ್ಪಾರರ ಗುಂಡಿ, ಒಂಟಿಮರದ ಹೊಲ, ಹೀಗೆ. ಆ ಹೆಸರನ್ನು ನಕ್ಷೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಬೇಕು. ಏಕೆಂದರೆ ಆ ತಾತನ ಮೊಮ್ಮಗನಿಗೆ ಅದು ‘ಸರ್ವೆ ನಂಬರ್ ನಲವತ್ತೇಳು’ ಮಾತ್ರ.

ಸಾಕ್ಷಿ ಹೋದರೆ

ಇದೆಲ್ಲ ಹಳೆಯದನ್ನು ಹುಡುಕುವವರ ಹವ್ಯಾಸ ಎಂದು ತಳ್ಳಿಹಾಕುವಂತಿಲ್ಲ. ಬೆಂಗಳೂರನ್ನೇ ನೋಡಬಹುದು. ಹಳೆಯ ನಕ್ಷೆಯಲ್ಲಿ ಧರ್ಮಾಂಬುಧಿ ಕೆರೆ ಇರುವ ಕಡೆ ಇಂದು ಕೆಂಪೇಗೌಡ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ. ಕೋರಮಂಗಲದ ಕೆರೆಯಿದ್ದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ವಸತಿ ಸಮುಚ್ಚಯ. ಸಂಪಂಗಿ ಕೆರೆಯ ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಅದು ಉಳಿದದ್ದಕ್ಕೆ ಕರಗದ ಆಚರಣೆಗೆ ಆ ನೀರು ಬೇಕೆಂಬುದು ಒಂದು ದೊಡ್ಡ ಕಾರಣ. ಜನ ವರ್ಷಕ್ಕೊಮ್ಮೆಯಾದರೂ ನಡೆದುಹೋಗುವ ಜಾಗ ಉಳಿಯಿತು, ನಡೆಯುವುದನ್ನು ಬಿಟ್ಟ ಜಾಗ ಹೋಯಿತು. ಇದರಲ್ಲಿ ಎಲ್ಲ ಊರುಗಳಿಗೂ ಒಂದು ಪಾಠವಿದೆ.

ಅಳತೆಯ ಗುರುತುಗಳ ಗತಿಯೂ ಇದೇ. ಲ್ಯಾಂಬ್ಟನ್ನರ ಕಾಲದ ನಂತರ, 1867-68ರಲ್ಲಿ, ಇನ್ನೂ ಸೂಕ್ಷ್ಮವಾದ ಲೋಹದ ಪಟ್ಟಿಗಳಿಂದ ಬೆಂಗಳೂರಿನಲ್ಲಿ ಮತ್ತೊಂದು ಆಧಾರರೇಖೆ ಅಳೆದರು. ಹೆಣ್ಣೂರು-ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಆ ಕೆಲಸಕ್ಕೆ ಸೇರಿದ ಒಂದು ವೀಕ್ಷಣಾ ಗೋಪುರವಿತ್ತು. ಯುದ್ಧ, ಬರ, ಪ್ಲೇಗು ಎಲ್ಲವನ್ನೂ ದಾಟಿ ಒಂದೂವರೆ ಶತಮಾನ ನಿಂತಿತ್ತು. 2024ರ ಹೊತ್ತಿಗೆ ಅದು ನೆಲಸಮವಾಗಿತ್ತು. ದೇಶದ ಅಳತೆಗೆ ಆಸರೆಯಾದ ಗುರುತಿಗೆ ಭೂಮಿಯ ಬೆಲೆಯೇರಿದ ಊರಿನಲ್ಲಿ ನಿಲ್ಲಲು ಜಾಗ ಸಿಗಲಿಲ್ಲ.

ಗೋಪುರ ಬಿದ್ದರೆ ಪತ್ರಿಕೆಯಲ್ಲಾದರೂ ಸುದ್ದಿಯಾಗುತ್ತದೆ. ಬಾಂದು ಕಲ್ಲು ಹೋದರೆ ಅದೂ ಇಲ್ಲ. ಒಂದು ಸಲ ಜೆಸಿಬಿ ಹಾಯ್ದರೆ ನೂರೈವತ್ತು ವರ್ಷದ ಕಲ್ಲು ಅರೆ ನಿಮಿಷದಲ್ಲಿ ಮಣ್ಣಿನಡಿ ಸೇರುತ್ತದೆ. ಎಲ್ಲೆಗುರುತನ್ನು ಕೀಳುವುದು, ಹಾಳು ಮಾಡುವುದು 1964ರ ಭೂಕಂದಾಯ ಕಾಯ್ದೆಯ ಪ್ರಕಾರ ದಂಡಾರ್ಹ. ಆದರೆ ಕಲ್ಲು ಇತ್ತು ಎಂದು ಹೇಳಲು ಯಾರಾದರೂ ಅದನ್ನು ನೋಡಿರಬೇಕಲ್ಲ. ಖಾಸಗಿ ಹೊಲದ ಕಲ್ಲಿಗೆ ಅದರ ಒಡೆಯ ಕಾವಲು ಇರುತ್ತಾನೆ, ಒಂದು ಗೇಣು ಸರಿದರೂ ಕೋರ್ಟಿಗೆ ಹೋಗುತ್ತಾನೆ. ಕೆರೆಯ ಕಲ್ಲಿಗೆ, ಗೋಮಾಳದ ಕಲ್ಲಿಗೆ, ಬಂಡಿಜಾಡಿನ ಕಲ್ಲಿಗೆ ಕಾವಲು ಯಾರು? ಎಲ್ಲರದೂ ಆದದ್ದು ಯಾರದೂ ಅಲ್ಲ ಎಂಬಂತಾಗಿದೆ. ಅವು ವರ್ಷಕ್ಕೊಂದು ಮಾರು ಒಳಗೆ ಸರಿದು, ಕೊನೆಗೊಂದು ದಿನ ಕಾಣೆಯಾಗುತ್ತವೆ.

ಈಗ ಸರಪಳಿಯ ಕಾಲ ಮುಗಿಯಿತು. ಉಪಗ್ರಹದ ಸಂಕೇತ ಹಿಡಿಯುವ ಯಂತ್ರಗಳೂ ಡ್ರೋನುಗಳೂ ಭೂಮಿ ಅಳೆಯುತ್ತಿವೆ. ನಿಖರತೆಯಲ್ಲಿ ಅವುಗಳ ಮುಂದೆ ಹಳೆಯ ಸರಪಳಿ ನಿಲ್ಲದು. ಆದರೆ ಯಂತ್ರ ಅಳೆಯುವುದು ಇಂದು ಇರುವುದನ್ನು. ಒತ್ತುವರಿಯಾದ ಕೆರೆಯನ್ನು ಅದು ಒತ್ತುವರಿಯಾದ ಅಳತೆಗೇ ನಿಖರವಾಗಿ ಅಳೆದುಕೊಡುತ್ತದೆ. ಮೊದಲು ಎಷ್ಟಿತ್ತು ಎಂದು ಹೇಳಬೇಕಾದರೆ ಹಳೆಯ ನಕ್ಷೆ ಬೇಕು. ಆ ನಕ್ಷೆಯನ್ನು ನೆಲದ ಮೇಲೆ ಕೂರಿಸಬೇಕಾದರೆ ಹಳೆಯ ಕಲ್ಲು ಬೇಕು. ಎರಡರಲ್ಲಿ ಒಂದು ಹೋದರೂ ಸಾಕ್ಷಿ ಅರ್ಧವಾಗುತ್ತದೆ.

ಹೈಸ್ಕೂಲು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಮತ್ತೊಂದಿಲ್ಲ. ತ್ರಿಕೋನವೂ ಇದೆ, ಉಕ್ಕಿನ ಹಿಗ್ಗುವಿಕೆಯೂ ಇದೆ, ಪ್ರಮಾಣವೂ ಇದೆ, ಊರಿನ ಚರಿತ್ರೆಯೂ ಇದೆ. ಒಂದು ತರಗತಿಯ ಮಕ್ಕಳು ವರ್ಷಕ್ಕೊಮ್ಮೆ ತಮ್ಮ ಊರಿನ ಕೆರೆಯ ಎಲ್ಲೆಯನ್ನು ನಕ್ಷೆ ಹಿಡಿದು ಸುತ್ತಿ ಬರಲಿ. ಎಷ್ಟು ಕಲ್ಲು ಇದೆ, ಎಷ್ಟು ಇಲ್ಲ ಎಂದು ತಾರೀಖು ಹಾಕಿ ಒಂದು ನೋಟುಪುಸ್ತಕದಲ್ಲಿ ಬರೆಯಲಿ. ಮುಂದಿನ ವರ್ಷದ ಮಕ್ಕಳು ಅದೇ ಪುಸ್ತಕ ಹಿಡಿದು ಹೊರಡಲಿ. ಹತ್ತು ವರ್ಷದಲ್ಲಿ ಅದೊಂದು ದಾಖಲೆಯಾಗುತ್ತದೆ. ಖರ್ಚು ಒಂದು ನೋಟುಪುಸ್ತಕ ಮತ್ತು ಒಂದು ಪೆನ್ಸಿಲು.

ಮೂವತ್ತಮೂರು ಅಡಿಯ ಹಗ್ಗ ಹೇಗೂ ಬಾವಿಕಟ್ಟೆಯಲ್ಲಿ ಸಿಗುತ್ತದೆ.